‘ನನ್ನ ತವರಿಗೆ ಬೀಗ ಹಾಕಿತ್ತು’: ಭಾವ ವರ್ಗಾವಣೆ, ಪ್ರತಿವರ್ಗಾವಣೆ, ಮತ್ತು ನಾನು ತಿಂದ ಶೇಂಗಾ ಉಂಡೆ

ಮೂರನೇಮಹಡಿ · ದಾವಣಗೆರೆ · ಭಾನುವಾರ ರಾತ್ರಿ 10:40

ಇಲ್ಲಿ ನಾನು ಓದೋದೇ ಹೆಚ್ಚು, ಬರೆಯೋದು ಕಡಿಮೆ. ಈವತ್ತು ಬರೀತಿದೀನಿ, ಯಾಕಂದ್ರೆ ಇದನ್ನ ಹೇಳಿಕೊಳ್ಳೋಕೆ ಈ ಊರಲ್ಲಿ ನನಗೆ ಬೇರೆ ಜಾಗ ಇಲ್ಲ.

ಆಪ್ತಸಮಾಲೋಚಕಿ ಆಗಿ ಒಂಬತ್ತು ವರ್ಷ. ಚಿಕ್ಕಂದಿನಲ್ಲಿ ಮನೆಯೊಳಗೇ ದೌರ್ಜನ್ಯ ಕಂಡ ಹೆಣ್ಣುಮಕ್ಕಳು ನನ್ನ ಹತ್ರ ಜಾಸ್ತಿ ಬರ್ತಾರೆ. ಅಂಥ ಒಬ್ಬಾಕೆ, 26 ವರ್ಷ ಅಂತಿಟ್ಟುಕೊಳ್ಳಿ, ಹದಿನಾಲ್ಕು ತಿಂಗಳಿಂದ ಗುರುವಾರ ನಾಲ್ಕು ಗಂಟೆಗೆ ಬರ್ತಾಳೆ. ಮೊದಲ ದಿನವೇ ಕುರ್ಚಿ ಎಳೆದು ಬಾಗಿಲಿಗೆ ಮುಖ ಮಾಡಿ ಹಾಕ್ಕೊಂಡಳು. ಬಾಗಿಲಿಗೆ ಬೆನ್ನು ಕೊಟ್ಟು ಕೂರೋಕೆ ಆಗಲ್ಲ. ನಾಲ್ಕು ತಿಂಗಳು ‘ಮೇಡಂ’, ಐದನೇ ತಿಂಗಳಿಂದ ‘ಅಕ್ಕಾ’. ನಾನು ತಡೀಲಿಲ್ಲ. ನಮ್ಮ ಕಡೆ ಯಾರು ತಡೀತಾರೆ ಹೇಳಿ? ಕುರ್ಚಿನೂ ದಿನ ಕಳೆದಂಗೆ ಒಂದೊಂದೇ ಗೇಣು ಕಿಟಕಿ ಕಡೆ ತಿರುಗ್ತಾ ಬಂತು.

ಪಂಚಮಿ ಹಿಂದಿನ ವಾರ ಒಂದು ಸ್ಟೀಲ್ ಡಬ್ಬಿ ತಂದಳು. ಶೇಂಗಾ ಉಂಡೆ, ಎಳ್ಳುಂಡೆ. ‘ಊರಿಗೆ ಹೋಗಲ್ವಾ?’ ಅಂತ ಕೇಳಿಬಿಟ್ಟೆ. ಆ ಮನೇಲಿ ಯಾರಿದ್ದಾನೆ ಅಂತ ಗೊತ್ತಿದ್ದೂ ಕೇಳಿದೆ. ‘ಈ ಸಲ ಇದೇ ತವರು ಅಕ್ಕಾ’ ಅಂದಳು. ಅವಳ ಎದುರಿಗೇ ಒಂದು ಉಂಡೆ ತಿಂದೆ. ಗಂಟಲು ಕಟ್ಟಿತು.

ಅದಕ್ಕೂ ಮೊದಲೇ ಶುರುವಾಗಿತ್ತು ಬಿಡಿ. ಐವತ್ತು ನಿಮಿಷದ ಭೇಟಿ ಎಪ್ಪತ್ತೈದು ನಿಮಿಷ ಆಗಿತ್ತು. ಸ್ವಂತ ನಂಬರ್ ಕೊಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂದ್ರೂ ಉತ್ತರ. ಫೀಸ್ ಬೇಡ ಅಂದಿದ್ದೆ, ‘ಇದು ನಿನಗೆ ಮಾತ್ರ, ಯಾರಿಗೂ ಹೇಳಬೇಡ’ ಅಂತ ಸೇರಿಸಿದ್ದೆ. ನನ್ನ ಲೆಕ್ಕದಲ್ಲಿ ಅದು ಕರುಣೆ.

ಆಮೇಲೆ ಒಂಬತ್ತು ದಿನ ರಜೆ ಹಾಕಿ ನಾನು ನನ್ನ ತವರಿಗೆ ಹೋದೆ. ರಜೆ ವಿಷಯ ಅವಳಿಗೆ ಹೇಳಿದ್ದು ಬಾಗಿಲಲ್ಲಿ, ಅವಳು ಚಪ್ಪಲಿ ಮೆಟ್ಟೋವಾಗ. ಬಂದ ಮೇಲೆ ಒಂದು ಗುರುವಾರ ಅವಳು ಬರಲಿಲ್ಲ. ಮುಂದಿನ ವಾರ ಬಂದವಳು ಕುರ್ಚಿನ ಮತ್ತೆ ಬಾಗಿಲಿಗೆ ಮುಖ ಮಾಡಿ ಎಳೆದಳು. ‘ನೀವು ತವರಿಗೆ ಹೋದ್ರಿ. ನನ್ನ ತವರಿಗೆ ಬೀಗ ಹಾಕಿತ್ತು. ನಮ್ಮವ್ವನೂ ಹಿಂಗೇ, ಎಲ್ಲಾ ಗೊತ್ತಿತ್ತು, ಎದ್ದು ಹೋಗ್ತಿದ್ಲು’ ಅಂದಳು. ಉಳಿದ ಹೊತ್ತು ಮಾತಿಲ್ಲ.

ನನಗೆ ಆಗ ಬಂದಿದ್ದು ದುಃಖ ಅಲ್ಲ, ಸಿಟ್ಟು. ‘ಇಷ್ಟೆಲ್ಲ ಮಾಡಿದ್ದಕ್ಕೆ ಇದಾ?’ ಅಂತ. ಟ್ರಾನ್ಸ್‌ಫರೆನ್ಸ್ ಅಂದ್ರೆ ವರ್ಗಾವಣೆ, ಬಂದವರು ಹಳೇ ಸಂಬಂಧದ ಭಾವವನ್ನ ನಮ್ಮ ಮೇಲೆ ಹಾಕೋದು; ಕೌಂಟರ್ ಟ್ರಾನ್ಸ್‌ಫರೆನ್ಸ್ ಅಂದ್ರೆ ಪ್ರತಿವರ್ಗಾವಣೆ, ಅವರ ಬಗ್ಗೆ ನಮ್ಮೊಳಗೆ ಏಳೋ ಭಾವ. ಎರಡನ್ನೂ ಪರೀಕ್ಷೆಗೆ ಬರೆದು ಪಾಸಾದವಳು ನಾನು. ಈ ಗುರುವಾರ ಹೆಂಗೆ ಕೂರಲಿ ಅನ್ನೋದು ಮಾತ್ರ ಗೊತ್ತಾಗ್ತಿಲ್ಲ.

---

ಮೇಷ್ಟ್ರು_ಜಗಳೂರು · ರಾತ್ರಿ 11:05

ಕ್ಷಮಿಸಿ ಮೇಡಂ. ‘ವರ್ಗಾವಣೆ’ ಅಂತ ನೋಡಿ ನಮ್ಮ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ದಿನಾಂಕ ಬಂತೇನೋ ಅಂತ ಓಡಿ ಬಂದೆ. ಬಂದವನು ಪೂರ್ತಿ ಓದಿದೆ. ಕೂತಿರ್ತೀನಿ, ದೊಡ್ಡವರು ಮಾತಾಡಲಿ.

---

ಹಳೇವಾರ್ಡು · ಸೋಮವಾರ ಬೆಳಗ್ಗೆ 6:15

ಮೇಷ್ಟ್ರೇ, ನೀವು ತಪ್ಪು ದಾರಿಗೇನೂ ಬಂದಿಲ್ಲ. ಇದೂ ವರ್ಗಾವಣೆನೇ. ಅವ್ವನ ಮೇಲೆ ಇರಬೇಕಾದ ಸಿಟ್ಟಿಗೆ ಆದೇಶ ಆಗಿದೆ, ಅದು ಬಂದು ಈ ಮೇಡಂ ಹತ್ರ ಹಾಜರಾತಿ ಹಾಕಿದೆ.

ತಂಗಿ, ನಾನು ನಿವೃತ್ತ ಮನೋವಿಜ್ಞಾನಿ. ಬೆಳಗ್ಗೆ ಕುಂದವಾಡ ಕೆರೆ ಸುತ್ತೋದು ಬಿಟ್ಟರೆ ಬೇರೆ ಕೆಲಸ ಇಲ್ಲ, ಹಾಗಾಗಿ ಉದ್ದ ಬರೀತೀನಿ.

1900ನೇ ಇಸವಿ, ವಿಯೆನ್ನಾ. ಹದಿನೆಂಟರ ಹುಡುಗಿಯೊಬ್ಬಳನ್ನ ಅವಳ ಅಪ್ಪ, ಮನೋವಿಶ್ಲೇಷಣೆ ಶುರು ಮಾಡಿದ ಡಾಕ್ಟರು ಫ್ರಾಯ್ಡ್ ಹತ್ರ ಕರ್ಕೊಂಡು ಬರ್ತಾನೆ. ಅಪ್ಪನ ಸ್ನೇಹಿತನೊಬ್ಬ ಅವಳ ಮೇಲೆ ಕೈ ಹಾಕೋಕೆ ಬಂದಿದ್ದ. ಹೇಳಿದ್ರೆ ಅಪ್ಪ ನಂಬಲಿಲ್ಲ. ಫ್ರಾಯ್ಡ್ ಅವಳನ್ನ ಡೋರಾ ಅಂತ ಕರೆದರು. ಹುಡುಗಿಯ ಮಾತು ನಂಬಿದರು, ಆದರೆ ‘ಒಳಗೊಳಗೇ ನಿನಗೂ ಅವನು ಬೇಕಿದ್ದ’ ಅಂತ ಹಟ ಹಿಡಿದರು. ಮೂರು ತಿಂಗಳೂ ಕಳೆದಿರಲಿಲ್ಲ. ಡಿಸೆಂಬರ್ 31ಕ್ಕೆ ಬಂದು ‘ಈವತ್ತೇ ಕೊನೆ’ ಅಂದಳು. ಯಾವಾಗ ತೀರ್ಮಾನ ಮಾಡಿದೆ ಅಂದ್ರೆ ಹದಿನೈದು ದಿನದ ಹಿಂದೆ. ಮನೆಗೆಲಸದವರು ನೋಟಿಸ್ ಕೊಟ್ಟ ಹಾಗಾಯ್ತಲ್ಲ ಅಂದರು ಫ್ರಾಯ್ಡ್. 1905ರಲ್ಲಿ ಆ ಪ್ರಕರಣ ಅಚ್ಚಾದಾಗ ಕೊನೆಯಲ್ಲಿ ಅವರೇ ಒಪ್ಪಿಕೊಂಡರು: ವರ್ಗಾವಣೆಯನ್ನ ಹೊತ್ತಿಗೆ ಸರಿಯಾಗಿ ಹಿಡಿಯೋಕೆ ನನ್ನಿಂದ ಆಗಲಿಲ್ಲ. ಆ ಗಂಡಸಿನ ಮೇಲಿನ ಸೇಡನ್ನ ಅವಳು ವೈದ್ಯನ ಮೇಲೆ ತೀರಿಸಿಕೊಂಡು ಎದ್ದು ಹೋದಳು.

ನಾನು ಅದರ ಜತೆಗೆ ಇನ್ನೊಂದು ಸೇರಿಸ್ತೀನಿ. ಅಪ್ಪ ಕರ್ಕೊಂಡು ಬಂದ ಡಾಕ್ಟರು, ಅಪ್ಪನ ಹಾಗೇ ಅವಳ ಮಾತಿಗೆ ಬೇರೆ ಅರ್ಥ ಕಟ್ಟಿದ ಡಾಕ್ಟರು. ಅವಳ ಸಿಟ್ಟಿಗೆ ನೇತುಹಾಕೋಕೆ ಒಂದು ಮೊಳೆ ಬೇಕಿತ್ತು, ಅದನ್ನ ಹೊಡೆದುಕೊಟ್ಟವರು ಅವರೇ.

ನಿಮ್ಮ ಮೊಳೆ ಯಾವುದು ಗೊತ್ತಲ್ಲ? ಬಾಗಿಲಲ್ಲಿ, ಚಪ್ಪಲಿ ಮೆಟ್ಟೋವಾಗ ರಜೆ ಹೇಳಿದ್ದು. ಅದು ವರ್ಗಾವಣೆ ಅಲ್ಲಮ್ಮ, ನಿಜವಾಗಿ ಹಾಕಿದ ಬೀಗ. ಗುರುವಾರ ಮೊದಲು ಅದನ್ನ ಒಪ್ಪಿಕೊಳ್ಳಿ. ‘ನಿನಗೆ ಅವ್ವನ ನೆನಪಾಯ್ತು, ಅದಕ್ಕೇ ಸಿಟ್ಟು’ ಅಂತ ವಿವರಣೆ ಕೊಡೋಕೆ ಹೋದರೆ ಡೋರಾಳ ಕಥೆ ಆಗುತ್ತೆ.

ಅದು ಒಪ್ಪಿದ ಮೇಲೆ ಉಳಿದದ್ದು ನೋಡಿ. ಅವಳು ನಿಮ್ಮನ್ನ ಕೂರಿಸಿರೋದು ಹಿಂಸೆ ಕೊಟ್ಟವನ ಜಾಗದಲ್ಲಲ್ಲ. ಗೊತ್ತಿದ್ದೂ ಎದ್ದುಹೋದ ಅವ್ವನ ಜಾಗದಲ್ಲಿ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಆಘಾತದ ವರ್ಗಾವಣೆ ಬಗ್ಗೆ ಬರೀತಾ, ಆ ಕೋಣೆಯಲ್ಲಿ ಇಬ್ಬರೇ ಇರಲ್ಲ, ಹಿಂಸೆ ಕೊಟ್ಟವನೂ ಇದ್ದಂಗೇ ಇರುತ್ತೆ ಅಂತಾರೆ. ನನ್ನ ಅನುಭವದಲ್ಲಿ ನಾಲ್ಕನೆಯವರೊಬ್ಬರು ಇರ್ತಾರೆ, ನೋಡಿಯೂ ನೋಡದಂಗೆ ಒಲೆ ಮುಂದೆ ಕೂತವರು. ಎಷ್ಟೋ ಸಲ ಅವನ ಮೇಲಿನ ಸಿಟ್ಟಿಗಿಂತ ಇವರ ಮೇಲಿನ ಸಿಟ್ಟು ಬಾಯಿಗೆ ಬರೋದೇ ಕಷ್ಟ. ಅವ್ವನಿಗೆ ಇಪ್ಪತ್ತು ವರ್ಷ ಹೇಳೋಕಾಗದ್ದನ್ನ ನಿಮಗೆ ಹೇಳಿದ್ದಾಳೆ. ಹೇಳಿ ಓಡಿಹೋಗಲಿಲ್ಲ, ಕೂತಳು. ಅದನ್ನ ನೀವು ಸೋಲು ಅಂತ ಲೆಕ್ಕ ಹಾಕಿದ್ದೀರಿ.

ನಿಮ್ಮ ‘ಇಷ್ಟೆಲ್ಲ ಮಾಡಿದ್ದಕ್ಕೆ’ ಬಗ್ಗೆ. 1910ರಲ್ಲಿ ಫ್ರಾಯ್ಡ್ ಪ್ರತಿವರ್ಗಾವಣೆ ಅನ್ನೋ ಪದ ತಂದಾಗ ಅದನ್ನ ವೈದ್ಯ ಗುರುತಿಸಿ ಮೆಟ್ಟಬೇಕಾದ ಅಡ್ಡಿ ಅಂತಲೇ ನೋಡಿದ್ದು. 1949ರಲ್ಲಿ ಇಂಗ್ಲೆಂಡಿನ ಮನೋವಿಶ್ಲೇಷಕ ವಿನಿಕಾಟ್, ವೈದ್ಯನಿಗೆ ರೋಗಿಯ ಮೇಲೆ ದ್ವೇಷ ಬರೋದೂ ಉಂಟು, ಬಂದದ್ದನ್ನ ಇಲ್ಲ ಅನ್ನಬೇಡಿ ಅಂದರು. 1950ರಲ್ಲಿ ಇನ್ನೊಬ್ಬ ಮನೋವಿಶ್ಲೇಷಕಿ ಪೌಲಾ ಹೈಮನ್ ಇನ್ನೂ ಮುಂದೆ ಹೋಗಿ, ವೈದ್ಯನೊಳಗೆ ಏಳೋ ಭಾವವೇ ರೋಗಿಯ ಒಳಗನ್ನ ತಿಳಿಯೋ ಉಪಕರಣ ಅಂದರು. ನನಗೆ ಮೂವರೂ ಬೇಕು. ಹೈಮನ್ ಒಬ್ಬರನ್ನೇ ಓದಿದವರು ತಮ್ಮ ಮನೆಯ ಜಗಳವನ್ನೂ ರೋಗಿಯ ಖಾತೆಗೆ ಬರೆದುಬಿಡ್ತಾರೆ. ನಿಮ್ಮ ಸಿಟ್ಟಲ್ಲಿ ಅವಳದೆಷ್ಟು, ನಿಮ್ಮದೆಷ್ಟು? ಮನೆಗೆ ಹಿರಿಮಗಳೇನಮ್ಮ ನೀವು?

ಇನ್ನೊಂದು ಸಣ್ಣದು. ಪೂರ್ತಿ ‘ಬಂದಳು’, ‘ಅಂದಳು’ ಅಂತ ಬರೆದಿದ್ದೀರಿ. ಬೇರೆಯವರ ಬಗ್ಗೆ ಬರೆಯೋವಾಗಲೂ ಹಾಗೇನಾ, ಅಥವಾ ‘ಬಂದರು’ ಅಂತೀರಾ?

---

ಗುಂಡಿಸರ್ಕಲ್ · ಬೆಳಗ್ಗೆ 8:50

ಎಲ್ಲಾ ಸರಿ ಹಿರಿಯರೇ, ಆದ್ರೆ ಯಾರೂ ಕೇಳದ್ದನ್ನ ನಾನು ಕೇಳ್ತೀನಿ. ಇದನ್ನ ಇಲ್ಲಿ ಬರೆಯೋದು ಸರೀನಾ? ಜಯದೇವ ಸರ್ಕಲ್ಲಲ್ಲಿ ಸೀನಿದ್ರೆ ವಿದ್ಯಾನಗರದಲ್ಲಿ ‘ನೂರು ವರ್ಷ’ ಅನ್ನೋ ಊರು ಇದು. ಗುರುವಾರ, ನಾಲ್ಕು ಗಂಟೆ, ಉಂಡೆ ಡಬ್ಬಿ! ಆಯಮ್ಮ ಇದನ್ನ ಓದಿದ್ರೆ? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಅನ್ನೋದು ರೋಗಿಯ ಹಕ್ಕು, ನಿಮ್ಮ ದೊಡ್ಡಗುಣ ಅಲ್ಲ.

---

ಮೂರನೇಮಹಡಿ · ಬೆಳಗ್ಗೆ 9:30

ವಾರ, ಗಂಟೆ, ವಯಸ್ಸು ಎಲ್ಲಾ ಬದಲಾಯಿಸಿದೀನಿ. ಗುರುತು ಸಿಗದಂಗೆ ಬೇರೆ ಒಬ್ಬಿಬ್ಬರ ವಿವರನೂ ಆಕೆಯ ಕಥೆಗೆ ಸೇರಿಸಿದೀನಿ. ಹಬ್ಬವೂ ಪಂಚಮಿ ಹೌದೋ ಅಲ್ಲವೋ, ನಂಬಬೇಡಿ.

ಆದ್ರೂ ನಿಮ್ಮ ಮಾತು ಚುಚ್ಚಿತು. ರಾತ್ರಿ ಹತ್ತೂವರೆಗೆ ಬರೆದಿದ್ದು ‘ಪಾಪ, ಎಷ್ಟು ಮಾಡಿದೀರಿ ನೀವು’ ಅಂತ ಯಾರಾದ್ರೂ ಅನ್ನಲಿ ಅಂತ. ಹಳೇವಾರ್ಡು ಸರ್, ಹೌದು, ಹಿರಿಮಗಳು. ಮೂರು ತಂಗಿಯರು. ಬೇರೆ ಎಲ್ಲರಿಗೂ ‘ಬಂದರು’ ಅಂತಲೇ ಬರೀತೀನಿ, ನನ್ನ ಕಡತ ತೆಗೆದು ನೋಡಿದೆ. ಹದಿನಾಲ್ಕು ತಿಂಗಳ ಟಿಪ್ಪಣಿಯಲ್ಲಿ ಐದನೇ ತಿಂಗಳಿಂದ ಆಕೆ ಒಬ್ಬರಿಗೆ ಏಕವಚನ. ನನ್ನ ಕೈಬರಹದಲ್ಲೇ ಇದೆ, ನನಗೇ ಕಂಡಿರಲಿಲ್ಲ.

---

ಆಕಡೆಕುರ್ಚಿ · ಮಧ್ಯಾಹ್ನ 1:20

ನಾನು ಎದುರು ಕುರ್ಚಿಯವಳು. ಎರಡು ಕಡೆ ತೋರಿಸಿಕೊಂಡಿದೀನಿ. ಊರು ಹೇಳಲ್ಲ.

ಮೊದಲನೇ ಮೇಡಂ ತುಂಬ ಒಳ್ಳೆಯವರು. ನಾನು ನಡೆದದ್ದನ್ನ ಹೇಳಿದ ದಿನ ಅವರೇ ಅತ್ತರು. ಮುಂದಿನ ಸಲ ಅವರ ಮುಖ ನೋಡಿ ಅರ್ಧ ಹೇಳಿದೆ. ಅದರ ಮುಂದಿನ ಸಲ ಅವರ ಬಿಪಿ ಹೆಂಗಿದೆ ಅಂತ ಕೇಳಿದೆ. ಮೂರು ತಿಂಗಳು ಹೋಗುವಷ್ಟರಲ್ಲಿ ನಾನೇ ಅವರನ್ನ ಸಮಾಧಾನ ಮಾಡ್ತಿದ್ದೆ. ಮುಖ ಓದೋದು ನನಗೆ ಆರನೇ ವಯಸ್ಸಿಗೇ ಬಂದ ವಿದ್ಯೆ. ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ ಕೇಳಿಯೇ ಈವತ್ತು ಅವನು ಯಾವ ಹದದಲ್ಲಿ ಬರ್ತಿದಾನೆ ಅಂತ ಹೇಳ್ತಿದ್ದೆ. ಅಂಥವಳ ಎದುರು ಮುಖ ಮುಚ್ಚಿಡೋಕೆ ನಿಮ್ಮಿಂದ ಆಗಲ್ಲ ಮೇಡಂ. ನಿಮಗೆ ಬೇಜಾರು, ನಿದ್ದೆ, ಭಯ, ಸಿಟ್ಟು ಯಾವುದು ಬಂದ್ರೂ ನಿಮಗಿಂತ ಮುಂಚೆ ಆಕೆಗೆ ಗೊತ್ತಾಗಿರುತ್ತೆ.

ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ‘ಇದು ನಿನಗೆ ಮಾತ್ರ, ಯಾರಿಗೂ ಹೇಳಬೇಡ’ ಅಂತ ಬರೆದಿದೀರಲ್ಲ, ಅಲ್ಲಿ ಓದೋದು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಅದೇ ಮಾತು. ಚಾಕಲೇಟ್ ಕೊಟ್ಟು ಹೇಳ್ತಿದ್ದಿದ್ದು. ನಿಮ್ಮ ಮನಸ್ಸಲ್ಲಿ ಅದಿಲ್ಲ ಅಂತ ನನಗೆ ಗೊತ್ತು, ಆಕೆಯ ಮೈಗೆ ಗೊತ್ತಿರುತ್ತಾ? ಫೀಸ್ ಕಡಿಮೆ ಮಾಡ್ತೀರಾ, ರಸೀದಿ ಹಾಕಿ ಕಡಿಮೆ ಮಾಡಿ. ಗುಟ್ಟು ಬೇಡ. ಋಣವೂ ಬೇಡ. ಋಣ ಇದ್ದವರ ಮೇಲೆ ಸಿಟ್ಟು ಮಾಡೋಕಾಗಲ್ಲ.

ಎರಡನೇ ಕಡೆ ಇದ್ದವರು ಸ್ವಲ್ಪ ಒರಟು ಅನ್ನಿಸ್ತಿದ್ರು. ಐವತ್ತು ನಿಮಿಷ ಅಂದ್ರೆ ಐವತ್ತೇ. ಒಂದು ದಿನ ಮಾತಿನ ಮಧ್ಯೆ ನಿಲ್ಲಿಸಿ, ‘ನನಗೆ ಇದ್ದಕ್ಕಿದ್ದಂತೆ ನಿದ್ದೆ ಬಂದಂಗಾಯ್ತು. ಮುಂಚೆ ಹೀಗಾಗಿರಲಿಲ್ಲ. ನೀವು ಈಗ ಇಲ್ಲೇ ಇದ್ರಾ, ಬೇರೆ ಎಲ್ಲಾದ್ರೂ ಹೋಗಿದ್ರಾ?’ ಅಂದರು. ನಾನು ಹೋಗಿದ್ದೆ. ಅಂಥ ಹೊತ್ತಲ್ಲಿ ನಾನು ಚಾವಣಿ ಮೂಲೆಗೆ ಹೋಗಿ ಕೂತ್ಕೋತೀನಿ, ಚಿಕ್ಕಂದಿನಿಂದ. ಅದನ್ನ ಮೊದಲ ಸಲ ಒಬ್ಬರು ಕಂಡುಹಿಡಿದಿದ್ದು.

---

ಕೋಟೆಕಲ್ಲು · ಚಿತ್ರದುರ್ಗ · ಸಂಜೆ 7:45

ನಾನು ಸರ್ಕಾರಿ ಕಡೆ ಡಾಕ್ಟ್ರು. ತಮಾಷೆ ಮಾಡೋಣ ಅಂತ ಬಂದಿದ್ದೆ, ಮೇಲಿನ ಪೋಸ್ಟ್ ಓದಿ ಬಾಯಿ ಕಟ್ಟಿತು. ಆದ್ರೂ ಹೇಳ್ತೀನಿ. ಐವತ್ತು ನಿಮಿಷ ಅನ್ನೋದು ನಮಗೆ ಕನಸು. ಮಂಗಳವಾರ ತಾಲ್ಲೂಕು ಆಸ್ಪತ್ರೆಲಿ ಮನೋಚೈತನ್ಯ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ ಅಂದ್ರೆ ಕ್ಯೂ ಗೇಟ್ ತನಕ ಐತೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಗಿದ್ದು 1996ರಲ್ಲಿ, ಅದಕ್ಕೆ ಮಾದರಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿಲಿ ಮಾಡಿ ತೋರಿಸಿದ್ದು. ಊರೂರಿಗೆ ಮಾತ್ರೆ ತಲುಪಿಸಿದ್ದು ಅದೇ, ಸಣ್ಣ ಮಾತಲ್ಲ. ಈ ವಿಯೆನ್ನಾದ ಪದಗಳು ಮೂರು ನಿಮಿಷದ ಓಪಿಡಿಗೆ ಯಾಕೆ ಅಂತ ನನ್ನ ವಾದ ಇತ್ತು.

ವಾದ ಕೆಡಿಸಿದ್ದು ನಮ್ಮ ಸಿಸ್ಟರು. ಒಬ್ಬ ಆಯಮ್ಮ ಬರೋಳು, ಏನು ಕೇಳಿದ್ರೂ ನೆಲ ನೋಡೋದು, ಮಾತ್ರೆ ಸರಿಯಾಗಿ ನುಂಗಲ್ಲ. ನನಗೆ ರೇಗೋದು. ಸಿಸ್ಟರ್ ಒಂದಿನ ಅಂದ್ರು: ‘ಸಾರ್, ನೀವು ಪೆನ್ನು ಟೇಬಲ್ ಮೇಲೆ ಕುಟ್ತೀರಲ್ಲ, ಕುಟ್ಟಿದಾಗೆಲ್ಲ ಆಯಮ್ಮ ಭುಜ ಎತ್ತಿ ಮುದುರಿಕೊಳ್ತಾಳೆ. ಯಾರೋ ಹೊಡೀತಿದ್ರು ಅನ್ಸುತ್ತೆ.’ ಕುಟ್ಟೋದು ಬಿಟ್ಟೆ. ಟೇಬಲ್ ಅಡ್ಡ ಇಲ್ಲದಂಗೆ ಪಕ್ಕದಲ್ಲಿ ಸ್ಟೂಲ್ ಹಾಕಿಸಿದೆ. ಒಂದು ತಿಂಗಳಾದ ಮೇಲೆ ‘ಡಾಕ್ಟ್ರಪ್ಪಾ, ಮಾತ್ರೆ ತಗೊಂಡ್ರೆ ಗಾಢ ನಿದ್ದೆ ಬರುತ್ತೆ, ಅದಕ್ಕೇ ತಗೊಳ್ಳಲ್ಲ’ ಅಂದ್ಲು. ಆ ಮನೇಲಿ ಗಾಢ ನಿದ್ದೆ ಮಾಡೋದು ಅಪಾಯ. ಇಷ್ಟು ದಿನ ನಾನು ‘ಮಾತು ಕೇಳದ ರೋಗಿ’ ಅಂತ ಚೀಟಿಲಿ ಬರೀತಿದ್ದೆ. ಮೂರು ನಿಮಿಷದಲ್ಲೂ ಆಗುತ್ತೆ ಸ್ವಾಮಿ ಈ ವರ್ಗಾವಣೆ.

---

ತುಂಗಭದ್ರೆದಂಡೆ · ಹರಿಹರ · ರಾತ್ರಿ 9:10

ಗಂಡಸು ಸಮಾಲೋಚಕರ ಕಡೆಯಿಂದ ಒಂದು. ಅಳು, ಕರುಣೆ ನನ್ನ ಸಮಸ್ಯೆ ಅಲ್ಲ. ನನಗೆ ಬರೋದು ರೋಷ, ಅವನನ್ನ ಹುಡುಕಿ ಹೊಡೀಬೇಕು ಅನ್ನೋದು. ಮೂವತ್ತೊಂದರ ಒಬ್ಬರು ಬರ್ತಿದ್ರು. ಅವರಿಗಿಂತ ಹೆಚ್ಚು ಬಿಸಿ ನಾನು. ಕಂಪ್ಲೇಂಟ್ ಕೊಡಿ, ನಾನೇ ಜತೆಗೆ ಬರ್ತೀನಿ, ವಕೀಲರು ಗೊತ್ತು ಅಂತ ಮೂರು ವಾರ ಅದೇ ಮಾತು. ನಾಲ್ಕನೇ ವಾರ ಫೋನ್ ಸ್ವಿಚ್ ಆಫ್. ಅವರ ಮೈ ಬಗ್ಗೆ, ಬದುಕಿನ ಬಗ್ಗೆ ಮತ್ತೊಬ್ಬ ಗಂಡಸು ತೀರ್ಮಾನ ತಗೊಂಡಿದ್ದ. ಆ ಗಂಡಸು ನಾನೇ ಅಂತ ತಿಳಿಯೋಕೆ ವರ್ಷ ಹಿಡೀತು.

(ಹದಿನೆಂಟು ತುಂಬದ ಮಗುವಿನ ವಿಷಯಕ್ಕೆ ಇದನ್ನ ತಗೋಬೇಡಿ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಇದೆ, ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಅದು ರೋಷದ ಪ್ರಶ್ನೆ ಅಲ್ಲ, ಕಾನೂನು.)

---

ಹೆಸರುಬೇಡ · ರಾತ್ರಿ 11:52

ನನ್ನ ಚಿಕಿತ್ಸಕರು ‘ನಿಮ್ಮ ಪ್ರೀತಿ ಟ್ರಾನ್ಸ್‌ಫರೆನ್ಸ್, ನನ್ನದು ನಿಜ’ ಅಂದಿದ್ರು. ಎದ್ದು ಬಂದೆ. ಇಷ್ಟೇ ಬರೆಯೋಕಾಗೋದು.

---

ಹಳೇವಾರ್ಡು · ಮಂಗಳವಾರ ಬೆಳಗ್ಗೆ 5:50

ಹೆಸರುಬೇಡ ಅವರಿಗೆ ಮೊದಲು. ಎದ್ದು ಬಂದಿರಲ್ಲ, ಅದೇ ಸರಿ. ಅವರು ಹೇಳಿದ್ದಕ್ಕೆ ಪ್ರತಿವರ್ಗಾವಣೆ ಅನ್ನೋ ಮರ್ಯಾದೆಯ ಹೆಸರು ಕೊಡಬೇಕಿಲ್ಲ. ಕೋಣೆಯಲ್ಲಿ ಪ್ರೀತಿ ಹುಟ್ಟಬಹುದು, ಅದನ್ನ ಕಾಯೋ ಜವಾಬ್ದಾರಿ ಪೂರ್ತಿ ಚಿಕಿತ್ಸಕನದು, ಅರ್ಧ ಅರ್ಧ ಅಲ್ಲ. ದೂರು ಕೊಡೋ ಹಕ್ಕು 2017ರ ಕಾಯ್ದೆಯಲ್ಲಿದೆ. ಕೊಡೋದು ಬಿಡೋದು ನಿಮ್ಮಿಷ್ಟ. ಹೊತ್ತಲ್ಲದ ಹೊತ್ತಲ್ಲಿ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಮೂರನೇಮಹಡಿಯವರೇ, ಆಕಡೆಕುರ್ಚಿ ಬರೆದದ್ದರ ಮೇಲೆ ನನ್ನದೇನೂ ಸೇರಿಸೋದಿಲ್ಲ. ನಲವತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ. ಒಂದು ಪ್ರಶ್ನೆ ಮಾತ್ರ: ಇದನ್ನೆಲ್ಲ ನೀವು ತಿಂಗಳಿಗೊಮ್ಮೆ ಯಾರ ಮುಂದೆ ಇಡ್ತೀರಿ?

---

ಮೂರನೇಮಹಡಿ · ಬೆಳಗ್ಗೆ 7:00

ಯಾರ ಮುಂದೂ ಇಲ್ಲ ಸರ್. ಸೂಪರ್‌ವಿಷನ್ ಅಂತ, ಅಂದ್ರೆ ಹಿರಿಯ ಸಮಾಲೋಚಕರ ಮುಂದೆ ನನ್ನ ಕೆಲಸ ಬಿಚ್ಚಿಡೋಕೆ ಅಂತ, ಕೊನೆಗೆ ಕೂತಿದ್ದು ಕೋವಿಡ್‌ಗೂ ಮುಂಚೆ, ಬೆಂಗಳೂರಲ್ಲಿ. ಇಲ್ಲಿ ಇರೋ ನಾಲ್ಕಾರು ಜನ ಒಬ್ಬರಿಗೊಬ್ಬರು ಗೊತ್ತು, ಮದುವೆಮನೇಲಿ ಸಿಗೋರು. ಅವರ ಮುಂದೆ ‘ನನಗೆ ಕ್ಲೈಂಟ್ ಮೇಲೆ ಸಿಟ್ಟು ಬಂತು’ ಅಂದ್ರೆ ವಾರದಲ್ಲಿ ನನ್ನ ಬೋರ್ಡ್ ಇಳಿಸಬೇಕು.

---

ಬೆಣ್ಣೆದೋಸೆ_ಎರಡು · ಬೆಳಗ್ಗೆ 8:15

ನಾನು ಈ ಫೀಲ್ಡ್ ಅಲ್ಲ, ಕ್ಷಮಿಸಿ, ಆದ್ರೆ ತಲೇಲಿ ಒಂದೇ ಕೊರೀತೈತಿ. ಉಂಡೆ ತಿಂದಿದ್ದು ತಪ್ಪಾ? ಪಂಚಮಿ ಉಂಡೆ ಬ್ಯಾಡ ಅಂದ್ರ ನಮ್ಮ ಕಡೆ ಮುಖಕ್ಕ ಹೊಡದಂಗ್ರಿ. ಮತ್ತ ಆ ಡಬ್ಬಿ ಎಲ್ಲೈತಿ? ವಾಪಸ್ ಕೊಟ್ರೋ ಇಲ್ಲೋ? ಖಾಲಿ ಡಬ್ಬಿ ಕೊಡಬಾರ್ದು, ನೆನಪಿರಲಿ.

---

ಹಳೇವಾರ್ಡು · ಬೆಳಗ್ಗೆ 8:40

ತಿಂದಿದ್ದು ತಪ್ಪಲ್ಲ. ‘ಇದೇ ತವರು’ ಅಂದಾಗ ‘ತವರಿಗೂ ಒಂದೊಂದು ದಿನ ಬಾಗಿಲು ಹಾಕಿರುತ್ತೆ, ಆಗ ಏನನ್ನಿಸಬಹುದು?’ ಅಂತ ಕೇಳಬೇಕಿತ್ತು. ಗಂಟಲು ಕಟ್ಟಿದವರು ಕೇಳೋಕಾಗಲ್ಲ, ಅಷ್ಟೇ.

ಡಬ್ಬಿ ಪ್ರಶ್ನೆ ಮಾತ್ರ ನಮ್ಮೆಲ್ಲರ ಪುಸ್ತಕಕ್ಕಿಂತ ದೊಡ್ಡದು, ದೋಸೆಯವರೇ.

ಮೂರನೇಮಹಡಿ, ಭಾನುವಾರ ಬೆಳಗ್ಗೆ ಹತ್ತಕ್ಕೆ ವಿಡಿಯೊದಲ್ಲಿ ಕೂರೋಣವಾ? ನಾನು ಮದುವೆಮನೆಗಳಿಗೆ ಹೋಗೋದು ಬಿಟ್ಟು ಬಹಳ ಕಾಲ ಆಯ್ತು. ಖಾಸಗಿ ಸಂದೇಶ ಕಳಿಸಿ. ಫೀಸ್ ತಗೋತೀನಿ, ರಸೀದಿ ಕೊಡ್ತೀನಿ.

---

ಮೇಷ್ಟ್ರು_ಜಗಳೂರು · ಬುಧವಾರ ಮಧ್ಯಾಹ್ನ 2:30

ಇಷ್ಟು ದಿನ ಕೂತಿದ್ದೆ, ಈಗ ಒಂದು. ಮೂರನೇ ತರಗತಿ ಮಕ್ಕಳು ನನ್ನನ್ನ ಬಾಯಿತಪ್ಪಿ ‘ಅಪ್ಪಾ’ ಅಂತಾರೆ. ಕ್ಲಾಸೆಲ್ಲ ನಗುತ್ತೆ, ಆ ಮಗು ನಾಚಿಕೊಳ್ಳುತ್ತೆ. ನನಗೂ ಒಳಗೆ ಒಂಥರಾ ಖುಷಿ. ಒಬ್ಬ ಹುಡುಗ ಮಾತ್ರ ಹಾಗೆ ಬಾಯಿತಪ್ಪಿದ ದಿನ ನಗಲಿಲ್ಲ. ಬಗ್ಗಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. ನಾನು ಬೋರ್ಡ್ ಒರೆಸೋಕೆ ಡಸ್ಟರ್ ಎತ್ತಿದ್ದೆ ಅಷ್ಟೇ. ಎರಡು ವರ್ಷದ ಹಿಂದಿನ ಮಾತು. ಈಗ ಅರ್ಥ ಆಗ್ತಿದೆ.

---

ಮೂರನೇಮಹಡಿ · ಶುಕ್ರವಾರ ರಾತ್ರಿ 9:20

ಗುಂಡಿಸರ್ಕಲ್ ಅವರ ಮಾತು ಇಟ್ಟುಕೊಂಡು, ನನ್ನ ಕಡೆಯದ್ದು ಮಾತ್ರ ಬರೀತೀನಿ.

ರಜೆ ಹೇಳಿದ ರೀತಿ ತಪ್ಪು ಅಂತ ಮೊದಲೇ ಹೇಳಿದೆ. ಜತೆಗೆ ಕಾರಣ ಸೇರಿಸೋಕೆ ನಾಲಿಗೆ ತುದಿವರೆಗೆ ಬಂತು, ನುಂಗಿಕೊಂಡೆ. ಫೀಸಿನ ಗುಟ್ಟು ನಾನು ಇಡಬಾರದಿತ್ತು ಅಂದೆ. ಕಡಿಮೆ ದರ ಎಷ್ಟು ಅಂತ ಇಬ್ಬರೂ ಕೂತು ಮಾತಾಡಿ ರಸೀದಿ ಪುಸ್ತಕದಲ್ಲಿ ಬರೆದೆ. ರಾತ್ರಿ ಮೆಸೇಜಿಗೆ ಇನ್ನು ಬೆಳಗ್ಗೆ ಹತ್ತಕ್ಕೆ ಉತ್ತರ, ತೀರಾ ತುರ್ತಾದರೆ ಎಲ್ಲಿಗೆ ಅಂತ ಬರೆದು ಕೊಟ್ಟೆ. ಮುಂದಿನ ರಜೆ ಡಿಸೆಂಬರಲ್ಲಿ, ದಿನಾಂಕ ಈಗಲೇ ಹೇಳಿದೆ. ಹೇಳುವಾಗ ನನ್ನ ಕೈ ತಣ್ಣಗಾಗಿತ್ತು. ಅವರು ಅದನ್ನ ನೋಡಿದರು ಅಂತ ನನಗೆ ಗೊತ್ತು.

ಆಮೇಲೆ ಡಬ್ಬಿ ತಂದು ಟೇಬಲ್ ಮೇಲೆ ಇಟ್ಟೆ. ‘ಇದರಲ್ಲಿ ಏನಾದ್ರೂ ತುಂಬಿ ಕೊಡಬೇಕು ಅಂತ ಬುಧವಾರ ಸಂಜೆ ಅಂಗಡಿವರೆಗೂ ಹೋಗಿ ವಾಪಸ್ ಬಂದೆ. ತುಂಬಿ ಕೊಟ್ರೆ ಅಕ್ಕ ಆಗ್ತೀನಿ. ಖಾಲಿ ಕೊಟ್ರೆ ಏನಾಗ್ತೀನೋ ಗೊತ್ತಿಲ್ಲ. ನೀವು ಹೇಳಿ’ ಅಂದೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ‘ನೀವು’ ಅಂದಿದ್ದು. ಇಲ್ಲ, ಸುಳ್ಳು. ಐದನೇ ತಿಂಗಳಿಂದೀಚೆಗೆ ಮೊದಲ ಸಲ.

ಐವತ್ತು ನಿಮಿಷಕ್ಕೆ ಮುಗಿಸಿದೆ. ಭಾನುವಾರ ಹತ್ತು ಗಂಟೆ ಖಚಿತ ಸರ್.

---

ಬೆಣ್ಣೆದೋಸೆ_ಎರಡು · ರಾತ್ರಿ 9:31

ಮತ್ತ ಡಬ್ಬಿ ಏನಾತ್ರಿ?

---

ಮೂರನೇಮಹಡಿ · ರಾತ್ರಿ 9:33

ಅದು ಅವರ ವಿಷಯ.